ಚಿನ್ನದ ನಾಡಿನಲ್ಲಿ ಬೈಸಿಕಲ್ ಪಯಣ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಒಟಾಗೋ ಎಂಬ ಸೀಮೆಯಿದೆ. ಅದರ ಒಳನಾಡು ಬೋಳುಗುಡ್ಡಗಳ, ಒಣಹುಲ್ಲಿನ ಬಯಲುಗಳ ಪ್ರದೇಶ. ಬೇಸಗೆಯಲ್ಲಿ ಸುಡುವ ಬಿಸಿಲು, ಚಳಿಗಾಲದಲ್ಲಿ ಎಲುಬು ಕೊರೆಯುವ ಹಿಮ. ಇಂತಹ ಕಡೆಗೆ ಜನ ಮುಗಿಬಿದ್ದುದು ಚಿನ್ನಕ್ಕಾಗಿ. 1862ರ ಆಗಸ್ಟಿನಲ್ಲಿ ಹಾರ್ಟ್ಲಿ ಮತ್ತು ರೈಲಿ ಎಂಬಿಬ್ಬರು ಸಾಹಸಿಗಳು ಡನೀಡನ್ ಪಟ್ಟಣಕ್ಕೆ ಬಂದು, 87 ಪೌಂಡು ಚಿನ್ನವನ್ನು ಅಧಿಕಾರಿಗಳ ಮುಂದಿರಿಸಿದರು. ಕ್ಲೂಥಾ ನದಿಯ ಕಣಿವೆಯಲ್ಲಿ, ಯಾರಿಗೂ ಸುಳಿವು ಕೊಡದೆ, ಮರಳು ತೊಳೆದು ಕೂಡಿಸಿದ ಚಿನ್ನವದು. ಸುದ್ದಿ ಹಬ್ಬಿದ್ದೇ ತಡ, ಆ ನಿರ್ಜನ ಕಣಿವೆಯಲ್ಲಿ ಗುಡಾರಗಳ ಊರುಗಳೇ ಎದ್ದವು.

ವಿಚಿತ್ರವೆಂದರೆ, ರೈಲು ಬಂದದ್ದು ಈ ಕಾವು ಇಳಿದ ಬಹುಕಾಲದ ಮೇಲೆ. 1879ರಲ್ಲಿ ಮೊದಲಾದ ಕೆಲಸ ಕ್ಲೈಡ್ ಎಂಬ ಊರನ್ನು ಮುಟ್ಟಿದ್ದು 1907ರಲ್ಲಿ! ಚಿನ್ನಕ್ಕಿಂತ ಹೆಚ್ಚಾಗಿ ಕುರಿ, ಉಣ್ಣೆ, ಹಣ್ಣುಗಳನ್ನು ಹೊತ್ತ ಆ ರೈಲು, ಕಡೆಗೆ ಕ್ಲೈಡಿನ ಅಣೆಕಟ್ಟೆಗೆ ಸಾಮಗ್ರಿ ಸಾಗಿಸಿ, 1990ರಲ್ಲಿ ನಿಂತುಹೋಯಿತು. ಹಳಿಗಳನ್ನು ಕಿತ್ತೊಯ್ದರು. ದಾರಿಯುದ್ದದ ಹಳ್ಳಿಗಳು ಇನ್ನು ಯಾವುದನ್ನು ನಂಬಿ ಬದುಕಬೇಕು?

1993ರಲ್ಲಿ ಸರ್ಕಾರದ ಪ್ರಕೃತಿ ಸಂರಕ್ಷಣಾ ಇಲಾಖೆ ಆ ಬರಿದಾದ ದಾರಿಯನ್ನು ವಹಿಸಿಕೊಂಡು, ಅಲ್ಲಿ ಬೈಸಿಕಲ್ ಹಾದಿ ಮಾಡಲು ಹೊರಟಾಗ ಅನುಮಾನಪಟ್ಟವರು ಕಡಿಮೆಯಲ್ಲ. ಹೊಲದ ಪಕ್ಕದಲ್ಲಿ ಅಪರಿಚಿತರ ಓಡಾಟವೆಂದರೆ ಯಾವ ರೈತ ತಾನೇ ಮೆಚ್ಚಿಯಾನು? ಆದರೂ 2000ದಲ್ಲಿ ಕ್ಲೈಡಿನಿಂದ ಮಿಡಲ್‌ಮಾರ್ಚಿನವರೆಗೆ 152 ಕಿಲೋಮೀಟರಿನ ಹಾದಿ ತೆರೆಯಿತು. ಪಾಳುಬೀಳುತ್ತಿದ್ದ ಹೋಟೆಲುಗಳಲ್ಲಿ ಮತ್ತೆ ದೀಪ ಹೊತ್ತಿತು. ಅನೇಕ ರೈತಗೃಹಿಣಿಯರು ಮನೆಯ ಕೋಣೆಗಳನ್ನೇ ಪ್ರವಾಸಿಗಳಿಗೆ ಬಾಡಿಗೆಗೆ ಕೊಡತೊಡಗಿದರು.

ಉಗಿಬಂಡಿಗೆ ಕಡಿದಾದ ಏರು ಆಗದು. ಆದುದರಿಂದ ಈ ಜಲ್ಲಿಹಾದಿಯಲ್ಲಿ ಮಕ್ಕಳೂ ಮುದುಕರೂ ದಣಿಯದೆ ಪೆಡಲು ತುಳಿಯಬಲ್ಲರು. ತೊಂದರೆಯೆಂದರೆ ಎದುರುಗಾಳಿ. ಲಾಡರ್ ದಾಟಿದ ಮೇಲೆ ಬರುವ ಪೂಲ್‌ಬರ್ನ್ ಕಮರಿಯೇ ಈ ದಾರಿಯ ಕಿರೀಟ. ಅಲ್ಲಿ ಎರಡು ಸುರಂಗಗಳು. ನಡುವೆ ಬೆಳಕೇ ಕಾಣದಷ್ಟು ಕತ್ತಲೆ. ಟಾರ್ಚಿಲ್ಲದೆ ಹೋದವರು ಇಳಿದು ಗೋಡೆ ತಡವರಿಸಬೇಕು! ಅನಂತರ 37 ಮೀಟರು ಎತ್ತರದ ಸೇತುವೆ. ಅದರ ಕಲ್ಲುಗಂಬಗಳು ಇಂದಿಗೂ ಅಲುಗಿಲ್ಲ.

ಮುಂದೆ ಒಟುರೆಹುವಾ. 1895ರಲ್ಲಿ ಅರ್ನೆಸ್ಟ್ ಹೇಯ್ಸ್ ಅಲ್ಲಿ ರೈತರ ಉಪಕರಣಗಳ ಕಾರ್ಖಾನೆ ಹೂಡಿದ. ಮಾರಿದವಳು ಹೆಂಡತಿ ಹ್ಯಾನಾ, ಅದೂ ಬೈಸಿಕಲ್ ಏರಿ, ಉದ್ದ ಲಂಗದಲ್ಲಿ, ದಾರಿಯೇ ಇಲ್ಲದ ಬಯಲುಗಳಲ್ಲಿ ಊರೂರು ಸುತ್ತಿ! ಇಂದಿನ ಸವಾರರಿಗೆ ಆಕೆಯೇ ಹಿರಿಯಕ್ಕ.

ಈ ದೇಶಕ್ಕೂ ಕನ್ನಡನಾಡಿಗೂ ಚಿನ್ನದ ನಂಟೊಂದುಂಟು. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಹೆಸರು ಕೊಟ್ಟ ಮೈಕೇಲ್ ಲ್ಯಾವೆಲ್, ನ್ಯೂಜಿಲೆಂಡಿನ ಯುದ್ಧದಲ್ಲಿ ಕಾದಿ ಬಂದ ಸಿಪಾಯಿ. ಚಿನ್ನದ ಹುಚ್ಚು ಹತ್ತಿದ್ದೂ ಅಲ್ಲಿಯೇ. 1870ರ ದಶಕದಲ್ಲಿ ಕೋಲಾರದ ನೆಲ ಅಗೆಯಲು ಮೈಸೂರು ಸರ್ಕಾರದ ಅನುಮತಿ ಪಡೆದವನು ಅವನೇ. ಒಟಾಗೋದ ಹಾದಿ ತೆರೆದ ಮರುವರ್ಷ, 2001ರಲ್ಲಿ, ಕೋಲಾರದ ಗಣಿಗಳು ಮುಚ್ಚಿದವು. ಆದರೆ ಅಲ್ಲಿಯ ಹಳಿಗಳನ್ನು ಯಾರೂ ಕಿತ್ತಿಲ್ಲ. ಗಣಿಗಾರರ ಮಕ್ಕಳು ನಸುಕಿನಲ್ಲೇ ಬುತ್ತಿ ಹಿಡಿದು, ಮಾರಿಕುಪ್ಪಂನಲ್ಲಿ ಬೆಂಗಳೂರಿನ ರೈಲು ಹತ್ತುತ್ತಾರೆ.