ಕೆಮ್ಮಿದರೆ ಜಾರುವ ಮೂತ್ರ: ಜೀವಕೋಶ ಚಿಕಿತ್ಸೆ ಎಲ್ಲಿಗೆ ಬಂದಿದೆ?

ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡ ಎತ್ತಿದಾಗ ನಾಲ್ಕು ಹನಿ ಮೂತ್ರ ಜಾರುವುದು ಹೆರಿಗೆಯಾದ ಹೆಂಗಸರಲ್ಲಿ, ವಯಸ್ಸಾದವರಲ್ಲಿ ಬಹಳ ಸಾಮಾನ್ಯ. ನಮ್ಮ ಮನೆಗಳಲ್ಲಿ ಇದನ್ನು ಗಂಡನಿಗಾಗಲಿ ಮಗಳಿಗಾಗಲಿ ಹೇಳುವ ರೂಢಿಯಿಲ್ಲ. ಬಸ್ಸಿನ ಪ್ರಯಾಣವಿದ್ದರೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮದುವೆಮನೆಗೆ ಏನೋ ನೆಪ ಹೇಳುತ್ತಾರೆ. ಇಂಥ ಮೌನ ಇರುವಲ್ಲಿ ‘ಸ್ಟೆಮ್ ಸೆಲ್’ ಹೆಸರಿನ ದುಬಾರಿ ಭರವಸೆಗಳು ಸುಲಭವಾಗಿ ಮಾರಾಟವಾಗುತ್ತವೆ. ಅದಕ್ಕೇ ಈ ವಿಷಯ ಎತ್ತಿಕೊಂಡಿದ್ದೇವೆ.

ಮೂತ್ರನಾಳವನ್ನು ಬಿಗಿಹಿಡಿಯುವ ಉಂಗುರದಂಥ ಸ್ನಾಯು ಸಡಿಲವಾಗುವುದು ಈ ತೊಂದರೆಗೆ ಒಂದು ಕಾರಣ. ರೋಗಿಯ ತೊಡೆಯಿಂದ ಸ್ನಾಯುವಿನ ಚೂರು ತೆಗೆದು, ಅದರ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಆ ಉಂಗುರಕ್ಕೆ ಚುಚ್ಚಿದರೆ ಬಿಗಿ ಮರಳೀತೆಂಬುದು ವೈದ್ಯರ ಆಲೋಚನೆ. ಕೆನಡಾದ ಟೊರಾಂಟೋದಲ್ಲಿ ಎಂಟು ಮಹಿಳೆಯರ ಮೇಲೆ ನಡೆಸಿದ ಪ್ರಯೋಗದ ವರದಿ 2008ರಲ್ಲಿ ಬಂತು. ಐವರಿಗೆ ಸುಧಾರಿಸಿತ್ತು. ಆದರೆ ಅಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ. ಆಸ್ಟ್ರಿಯಾದ ಇನ್ಸ್‌ಬ್ರಕ್‌ನಿಂದ 2007ರಲ್ಲಿ ಬಂದ ಭಾರೀ ಯಶಸ್ಸಿನ ವರದಿಯನ್ನಂತೂ ‘ಲ್ಯಾನ್ಸೆಟ್’ ಪತ್ರಿಕೆ ಮರುವರ್ಷವೇ ಹಿಂತೆಗೆದುಕೊಂಡಿತು. ಪ್ರಯೋಗ ನಡೆಸಿದ ರೀತಿಯಲ್ಲೇ ಗಂಭೀರ ಅಕ್ರಮಗಳಿದ್ದವು.

ನಿಜವಾದ ಒರೆಗಲ್ಲು 2018ರಲ್ಲಿ ಪ್ರಕಟವಾದ ಪರೀಕ್ಷೆ. 150 ಮಹಿಳೆಯರಲ್ಲಿ ಕೆಲವರಿಗೆ ಜೀವಕೋಶ, ಉಳಿದವರಿಗೆ ಜೀವಕೋಶವಿಲ್ಲದ ಬರೀ ದ್ರಾವಣ ಚುಚ್ಚಿದರು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. ವರ್ಷದ ನಂತರ ಜೀವಕೋಶ ಪಡೆದವರಲ್ಲಿ ನೂರಕ್ಕೆ 52 ಮಂದಿಗೆ ಗುಣ ಕಂಡಿತ್ತು. ಬರೀ ದ್ರಾವಣ ಪಡೆದವರಲ್ಲಿ ನೂರಕ್ಕೆ ಸುಮಾರು 54 ಮಂದಿಗೆ! ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳುವ ಉದ್ದೇಶವಿದ್ದರೂ ಅಲ್ಲಿಗೇ ನಿಲ್ಲಿಸಿದರು. ಚಿಕಿತ್ಸೆಯಿಂದ ಅಪಾಯ ಕಾಣಲಿಲ್ಲ ಎಂಬುದು ಸಮಾಧಾನದ ಮಾತು, ಆದರೆ ಹಣ ಕೊಟ್ಟು ಕೊಳ್ಳಲು ಅಷ್ಟು ಸಾಲದು. ಸಂಶೋಧನೆ ಮುಂದುವರಿಯಲಿ, ಅದು ಅಂಗಡಿಗೆ ಬರುವ ಕಾಲ ಇದಲ್ಲ.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಇಂಥ ಸ್ಟೆಮ್ ಸೆಲ್ ಪ್ರಯೋಗಗಳನ್ನು ಚಿಕಿತ್ಸೆಯೆಂದು ಮಾರುವುದನ್ನು ಒಪ್ಪುವುದಿಲ್ಲ. ಅನುಮತಿ ಪಡೆದ ಪರೀಕ್ಷೆಯಲ್ಲಿ ಮಾತ್ರ ಅದಕ್ಕೆ ಜಾಗ. ಯಾರಾದರೂ ಮುಂಗಡ ಕೇಳಿದರೆ ಮೊದಲು ಆ ಅನುಮತಿಯ ಕಾಗದ ಕೇಳಿರಿ.

ಅಷ್ಟರಲ್ಲಿ ಖರ್ಚಿಲ್ಲದ ಉಪಾಯವೊಂದಿದೆ. ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಹೇಳಿಕೊಟ್ಟ ವ್ಯಾಯಾಮ: ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಬಿಗಿದು ಸಡಿಲಿಸುವುದು. ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಗಲ್ಲೆಯ ಮುಂದೆ ಕುಳಿತೂ ಮಾಡಬಹುದು, ಯಾರಿಗೂ ತಿಳಿಯದು. ಸರಿಯಾದ ಸ್ನಾಯು ಯಾವುದೆಂದು ಮೊದಲು ಸ್ತ್ರೀರೋಗ ತಜ್ಞರಿಂದ ಕಲಿತುಕೊಳ್ಳಬೇಕು. ಇದರಿಂದ ಗುಣವಾಗದಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ. ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಉರಿಯಿದ್ದರೆ ವ್ಯಾಯಾಮಕ್ಕೆ ಕಾಯದೆ ವೈದ್ಯರಲ್ಲಿಗೆ ಹೋಗಿರಿ.