ಭೂಮಿಯ ಮೇಲೊಂದು ಮಂಗಳವಾಸ

ಮಂಗಳ ಗ್ರಹದ ಬದುಕನ್ನು ಹೋಲುವ ಇಕ್ಕಟ್ಟಿನ ನೆಲೆಯೊಂದನ್ನು ಭೂಮಿಯ ಮೇಲೆಯೇ ಕಟ್ಟಿ, ಸ್ವಇಚ್ಛೆಯಿಂದ ಮುಂದೆ ಬಂದ ಕೆಲವರನ್ನು ಅದರೊಳಗೆ ಇರಿಸಿ, ಅವರ ದೇಹ ಮತ್ತು ಮನಸ್ಸು ದಿನಗಳೆದಂತೆ ಹೇಗೆ ಬದಲಾಗುತ್ತವೆ ಎಂಬುದನ್ನು ದಾಖಲಿಸುವ ಪ್ರಯೋಗಕ್ಕೆ ‘ಅನಲಾಗ್ ಮಿಷನ್’ ಎಂದು ಹೆಸರು. ಕನ್ನಡದಲ್ಲಿ ಇದನ್ನು ಅಣಕು ಯಾತ್ರೆ ಎನ್ನಬಹುದು. ಇಲ್ಲಿ ರಾಕೆಟ್ಟಿಗೆ ಕೆಲಸವಿಲ್ಲ, ಪರೀಕ್ಷೆ ನಡೆಯುವುದು ಮನುಷ್ಯನ ಮೇಲೆಯೇ.

ಬೆಂಗಳೂರಿನ ಪ್ರೋಟೋಪ್ಲಾನೆಟ್ ಸಂಸ್ಥೆಯು ಲಡಾಖಿನ ತ್ಸೋ ಕಾರ್ ಸರೋವರದ ಬಳಿ ನಿರ್ಮಿಸಿದ ‘ಹೋಪ್’ ನೆಲೆಯನ್ನು ಇಸ್ರೋ ಅಧ್ಯಕ್ಷ ವಿ. ನಾರಾಯಣನ್ 2025ರ ಜುಲೈ 31ರಂದು ಉದ್ಘಾಟಿಸಿದರು. ಮರುದಿನದಿಂದ ಹತ್ತು ದಿನ ಇಬ್ಬರು ಅದರೊಳಗೆ ಏಕಾಂತವಾಸ ನಡೆಸಿದರು. ಸುಮಾರು 4,500 ಮೀಟರ್ ಎತ್ತರದ ಆ ಬಯಲಿನಲ್ಲಿ ಗಾಳಿ ತೆಳು, ಅತಿನೇರಳೆ ಕಿರಣ ಪ್ರಖರ, ನೆಲ ಉಪ್ಪು ಬೆರೆತು ಹೆಪ್ಪುಗಟ್ಟಿದ್ದು. 8 ಮೀಟರ್ ವ್ಯಾಸದ ವಾಸದ ಗೂಡು, ಅದಕ್ಕೆ ಜೋಡಿಸಿದ 5 ಮೀಟರ್ ವ್ಯಾಸದ ಉಪಕರಣಗಳ ಗೂಡು, ಇಷ್ಟೇ ಅವರ ಲೋಕ. ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯೂ ಈ ಅಧ್ಯಯನದಲ್ಲಿ ಪಾಲುಗೊಂಡಿತ್ತು.

ಹತ್ತು ದಿನ ಬಹಳವೇನಲ್ಲ. ಮಾಸ್ಕೋದ ‘ಮಾರ್ಸ್-500’ ಪ್ರಯೋಗದಲ್ಲಿ ಆರು ಮಂದಿ 2010ರ ಜೂನ್‌ನಿಂದ 520 ದಿನ ಒಳಗಿದ್ದರು. ದಿನ ಕಳೆದಂತೆ ಅವರ ಚಲನವಲನ ಕುಗ್ಗಿತು, ಹಲವರ ನಿದ್ರೆಯ ಲಯ ತಪ್ಪಿತು. ನಾಸಾದ ‘ಚಾಪಿಯಾ’ ಯೋಜನೆಯ ನಾಲ್ವರು ಹ್ಯೂಸ್ಟನ್ನಿನ 1,700 ಚದರ ಅಡಿಯ ಮನೆಯಲ್ಲಿ 2023ರ ಜೂನ್‌ನಿಂದ 378 ದಿನ ಕಳೆದರು. ಮಂಗಳದಿಂದ ಹೊರಟ ಸಂದೇಶ ಭೂಮಿಗೆ ತಲುಪಲು ಗರಿಷ್ಠ 22 ನಿಮಿಷ ಬೇಕಾಗುವುದರಿಂದ, ಇಂಥ ಯಾತ್ರೆಗಳಲ್ಲಿ ಸಂಪರ್ಕವನ್ನೂ ಬೇಕೆಂದೇ ತಡಮಾಡುವುದುಂಟು. ‘ಊಟವಾಯಿತೇ’ ಎಂದು ಮನೆಯವರನ್ನು ಕೇಳಿದರೆ ‘ಆಯಿತು’ ಎಂಬ ಉತ್ತರ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತದೆ. ಮಾತುಕತೆ ಸತ್ತು ಪತ್ರವ್ಯವಹಾರ ಮಾತ್ರ ಉಳಿಯುವ ಈ ಸ್ಥಿತಿಯು ಇಕ್ಕಟ್ಟಿಗಿಂತಲೂ ಕಠಿಣವೆಂದೇ ಹೇಳಬೇಕು.

ಇನ್ನು ದಾಸ್ತಾನಿನ ಮಾತು. ಅಂಕೋಲಾದಿಂದ ಯಲ್ಲಾಪುರದತ್ತ ಏರುವ ಹೆದ್ದಾರಿಯಲ್ಲಿ, ಗಂಗಾವಳಿ ನದಿಯ ಕಣಿವೆಯಲ್ಲಿರುವ ಸುಂಕಸಾಳ ಎಂಬ ಊರಿಗೂ ತ್ಸೋ ಕಾರಿನ ಒಣ ಬಯಲಿಗೂ ಯಾವ ಹೋಲಿಕೆಯೂ ಇಲ್ಲ. ಆದರೆ ಮಳೆ ಹಿಡಿಯುವ ಮೊದಲೇ ಕಟ್ಟಿಗೆ ಒಟ್ಟಿ, ಹಪ್ಪಳ ಒಣಗಿಸಿ, ಮಿಡಿ ಉಪ್ಪಿನಕಾಯಿಯ ಭರಣಿ ತುಂಬಿಸಿಟ್ಟುಕೊಳ್ಳುವ ಈ ಸೀಮೆಯ ಮನೆವಾರ್ತೆಗೆ, ಹೊರಗಿನಿಂದ ಏನೂ ಬಾರದೆಂದು ಲೆಕ್ಕ ಹಾಕಿ ಬದುಕುವ ಯಾತ್ರಿಕರ ದಾಸ್ತಾನು ಹೊಸ ಸಂಗತಿಯಲ್ಲ. ಇಲ್ಲಿ ಉಪ್ಪು ತೀರಿದರೆ ಪಕ್ಕದ ಮನೆಯಿದೆ, ಅಲ್ಲಿ ಅದೂ ಇಲ್ಲ.

ಅಣಕಿಗೂ ಮಿತಿಯಿದೆ. ಭೂಮಿಯ ಶೇ 38ರಷ್ಟಿರುವ ಮಂಗಳದ ಗುರುತ್ವವನ್ನಾಗಲಿ, ಅಲ್ಲಿನ ವಿಕಿರಣವನ್ನಾಗಲಿ ಇಲ್ಲಿ ತರಲಾಗದು. ಬಾಗಿಲಾಚೆ ಉಸಿರಾಡುವ ಗಾಳಿಯಿದೆ ಎಂಬ ಅರಿವನ್ನು ಅಳಿಸುವುದಂತೂ ಅಸಾಧ್ಯ. ಹವಾಯಿಯ ಮೌನಾ ಲೋವಾ ಜ್ವಾಲಾಮುಖಿಯ ಇಳಿಜಾರಿನ ‘ಹೈ-ಸೀಸ್’ ನೆಲೆಯಲ್ಲಿ 2018ರಲ್ಲಿ ಸದಸ್ಯರೊಬ್ಬರಿಗೆ ವಿದ್ಯುತ್ ಆಘಾತವಾದಾಗ ಅವರನ್ನು ಆಸ್ಪತ್ರೆಗೆ ಸಾಗಿಸಲಾಯಿತು, ಯಾತ್ರೆ ನಾಲ್ಕೇ ದಿನಕ್ಕೆ ನಿಂತಿತು. ಮಂಗಳದಲ್ಲಿ ಆಂಬುಲೆನ್ಸ್ ಬಾರದು.

ಆಸಕ್ತರು ತಿಳಿದಿರಬೇಕಾದುದಿಷ್ಟು: ಚಾಪಿಯಾಕ್ಕೆ ಅಮೆರಿಕದ ಪೌರರು ಅಥವಾ ಅಲ್ಲಿನ ಕಾಯಂ ನಿವಾಸಿಗಳು, ಅದರಲ್ಲೂ 30ರಿಂದ 55 ವರ್ಷದ ಆರೋಗ್ಯವಂತರು ಮಾತ್ರ ಅರ್ಹರು. ಯೂಟಾ ಮರುಭೂಮಿಯಲ್ಲಿ ಮಾರ್ಸ್ ಸೊಸೈಟಿ ನಡೆಸುವ ನೆಲೆಗೆ ಬೇರೆ ದೇಶದವರೂ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಎರಡು ವಾರದ ಆ ವಾಸಕ್ಕೆ ಸಂಬಳವಿಲ್ಲ, ಶುಲ್ಕವನ್ನು ತಂಡದವರೇ ಕಟ್ಟಬೇಕು.