ನಿಮಗಿದು ಗೊತ್ತೆ? ಕಾವಲಿಗೆ ಊರೇ ನಿಂತ ಪಕ್ಷಿಧಾಮ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳಿಗೆ ಪ್ರತ್ಯೇಕ ಕಾಡಿಲ್ಲ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ, ಅರಳಿ ಮರಗಳಲ್ಲಿ. ಕೆಳಗೆ ಹಟ್ಟಿ, ಎಮ್ಮೆ, ಹುಲ್ಲಿನ ಮೆದೆ. ಹಕ್ಕಿಗಳು ತರುವ ಹಸಿ ಮೀನಿನ ವಾಸನೆಗೆ ಪೇಟೆಯವರು ಮೂಗು ಮುಚ್ಚಿಕೊಂಡಾರು, ಊರವರಿಗೆ ಅದು ಲೆಕ್ಕಕ್ಕಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಅವರು ಈ ಹಕ್ಕಿಗಳನ್ನು ಕಾಣುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ ಎನ್ನುವುದೂ ನಿಜ, ಬರೀ ಭಕ್ತಿಯ ಮಾತಲ್ಲ.

ಹಾಗಂತ ನಷ್ಟವೂ ಇದೆ. ಗೂಡಿರುವ ಮರದ ಹುಣಸೆಹಣ್ಣು ಬಡಿಯುವಂತಿಲ್ಲ. ಅದಕ್ಕಾಗಿ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಬಂತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿಯುವವರೆಗೆ ಸಾಕುವ ಕೆಲಸವನ್ನು ಊರಿನ ಯುವಕರ 'ಹೆಜ್ಜಾರ್ಲೆ ಬಳಗ' ವಹಿಸಿಕೊಂಡಿತು.

ಇಂಥ ಊರ ಕಾವಲಿಗೆ ಕಾನೂನಿನಲ್ಲೂ ಜಾಗ ಸಿಕ್ಕಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ 'ಸಮುದಾಯ ಮೀಸಲು ಪ್ರದೇಶ' ಎಂಬ ಹೊಸ ವರ್ಗವನ್ನು ಸೇರಿಸಿತು. ಖಾಸಗಿ ಅಥವಾ ಸಮುದಾಯದ ಜಮೀನನ್ನು ಜನ ತಾವಾಗಿ ಒಪ್ಪಿದರೆ ಮಾತ್ರ ಹೀಗೆ ಘೋಷಿಸಬಹುದು. ಒಡೆತನ ಬದಲಾಗುವುದಿಲ್ಲ, ಯಾರನ್ನೂ ಒಕ್ಕಲೆಬ್ಬಿಸುವುದಿಲ್ಲ. ಉಸ್ತುವಾರಿ ಸಮಿತಿಯಲ್ಲಿ ಊರಿನ ಪ್ರತಿನಿಧಿಗಳು ಕನಿಷ್ಠ ಐವರಿರಬೇಕು. ಕಾಗದದ ಮೇಲಾದರೂ ಇಲಾಖೆಗಿಂತ ಊರಿನ ಕೈಯೇ ಮೇಲು! ಕೊಕ್ಕರೆ ಬೆಳ್ಳೂರಿಗೆ ಈ ಮಾನ್ಯತೆ ಸಿಕ್ಕಿದ್ದು 2007ರಲ್ಲಿ. ಅಷ್ಟರಲ್ಲಿ ಊರವರು ಹಕ್ಕಿಗಳನ್ನು ಕಾಯುತ್ತಾ ತಲೆಮಾರುಗಳೇ ಕಳೆದಿದ್ದವು.

ನೋಡಲು ಹೋಗುವುದಾದರೆ ಫೆಬ್ರುವರಿ, ಮಾರ್ಚ್ ಒಳ್ಳೆಯ ಕಾಲ. ಮರದಡಿ ಗದ್ದಲ ಮಾಡಬೇಡಿ, ತಲೆಗೊಂದು ಟೋಪಿ ಇರಲಿ.